ನಮ್ಮವರು ಎಂದರೆ ಯಾರು?

ನಮ್ಮದು ದಕ್ಷಿಣ ಕನ್ನಡದ ಒಂದು ಸಣ್ಣ ಸಭೆ. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ, ಹಾಡುವ ಎಷ್ಟೋ ಗೀತೆಗಳಿಗೆ ಜರ್ಮನ್ ರಾಗ. ‘ನೀವು ಯಾವ ಜನ?’ ಎಂದು ಯಾರಾದರೂ ಕೇಳಿದರೆ ಈಗಲೂ ನಮ್ಮ ಬಾಯಿಗೆ ಮೊದಲು ಬರುವುದು ‘ಬಾಸೆಲ್ ಮಿಶನ್‌ನವರು’ ಎಂಬ ಉತ್ತರ. ಸ್ವಿಟ್ಜರ್‌ಲ್ಯಾಂಡಿನ ಊರೊಂದರ ಹೆಸರು ತುಳುನಾಡಿನ ನಮಗೆ ಗುರುತಾದದ್ದು ಹೇಗೆ?

ಆ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಹೊಸ ನಂಬಿಕೆಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಶೇಂದಿ ಇಳಿಸುವ ಕಸುಬನ್ನು ಮಿಶನ್ ಒಪ್ಪಲಿಲ್ಲ. ಇತ್ತ ಎಷ್ಟೋ ಮಂದಿಯನ್ನು ಮನೆಯವರೂ ದೂರವಿಟ್ಟರು. ಹೀಗೆ ಅನ್ನದ ದಾರಿ ಮುಚ್ಚಿದವರಿಗಾಗಿ ನೇಯ್ಗೆ, ಮುದ್ರಣ, 1865ರಲ್ಲಿ ಹಂಚಿನ ಕಾರ್ಖಾನೆ ಹುಟ್ಟಿಕೊಂಡವು. ವಾರವಿಡೀ ಜೊತೆಯಲ್ಲಿ ದುಡಿದವರು ಆದಿತ್ಯವಾರ ಜೊತೆಯಲ್ಲೇ ಕುಳಿತು ಪ್ರಾರ್ಥಿಸಿದರು. ನಂಬಿಕೆಯ ಪಾಠವನ್ನು ನಮ್ಮ ಹಿರಿಯರು ಪುಸ್ತಕದಿಂದ ಕಲಿತಿರಬಹುದು. ತಾವು ಒಂದು ಎಂಬುದನ್ನು ಕಲಿತದ್ದು ಕೂಲಿಯಲ್ಲಿ, ಗಂಜಿಯಲ್ಲಿ, ಸಾವಿನ ಮನೆಯಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಬಂಧಿಸಿತು, ಕಾರ್ಖಾನೆಗಳು ಕೈತಪ್ಪಿದವು. ಆದರೂ ಸಭೆ ಚದುರಲಿಲ್ಲ.

ಆ ಒಗ್ಗಟ್ಟು ಇಂದಿಗೂ ಬೆಳೆಹಬ್ಬದ ದಿನ ಕಾಣುತ್ತದೆ. ಎಲ್ಲರೂ ಹಿತ್ತಿಲಿನ ಫಸಲು ತರುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಅರುವತ್ತು ರೂಪಾಯಿಯ ಸೋರೆಕಾಯಿ ನಗುನಗುತ್ತಾ ಐನೂರಕ್ಕೆ ಏರುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯ ಹುಡುಗಿಯೊಬ್ಬಳಿಗೆ ನಮ್ಮದೇ ಸಭೆಯ ಹುಡುಗನ ಸಂಬಂಧ ಬಂತು. ಇಬ್ಬರೂ ಒಂದೇ ಸಂಡೇ ಸ್ಕೂಲಿನಲ್ಲಿ ಕಲಿತವರು. ಹಿರಿಯರೊಬ್ಬರು ದನಿ ತಗ್ಗಿಸಿ ಕೇಳಿದರು: ‘ಅವನ ಅಜ್ಜನವರು ಮೊದಲು ಯಾವ ಜಾತಿ?’ ಅಲ್ಲಿದ್ದ ನಾವು ಯಾರೂ ಆ ಪ್ರಶ್ನೆಯನ್ನು ತಡೆಯಲಿಲ್ಲ. ಸಂಬಂಧ ಕೂಡಿಬರಲಿಲ್ಲ. ಮುಂದಿನ ಆದಿತ್ಯವಾರ ಎರಡೂ ಮನೆಯವರು ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಂಡರು. ಎಲ್ಲರೂ ಎದ್ದು ನಿಂತು ಎಂದಿನಂತೆ ವಿಶ್ವಾಸ ಪ್ರಮಾಣ ಹೇಳಿದೆವು. ಯಾರ ದನಿಯೂ ನಡುಗಲಿಲ್ಲ.

ಒಂದು ಸಭೆಯ ನಂಬಿಕೆ ಏನೆಂದು ತಿಳಿಯಲು ಅದು ಗಟ್ಟಿಯಾಗಿ ಹೇಳುವುದನ್ನು ಕೇಳಿದರೆ ಸಾಲದು. ಯಾವ ಮಾತಿಗೆ ಅದು ಸುಮ್ಮನಿರುತ್ತದೆ ಎಂಬುದನ್ನೂ ನೋಡಬೇಕು. ಮಕ್ಕಳು ಎರಡನ್ನೂ ಕಲಿಯುತ್ತಾರೆ. ‘ನಮ್ಮಲ್ಲಿ ಜಾತಿಯಿಲ್ಲ’ ಎಂದು ಹೆಮ್ಮೆಪಡುವ ಯಾವ ಸಮುದಾಯಕ್ಕೂ ಈ ಮಾತು ಸಲ್ಲುತ್ತದೆ.

ಆ ಹುಡುಗ ಈಗ ಬೇರೆ ಊರಿನ ಸಭೆಗೆ ಹೋಗುತ್ತಾನೆ. ಅವನ ತಾಯಿ ಮಾತ್ರ ತಪ್ಪದೆ ಬೆಳೆಹಬ್ಬಕ್ಕೆ ಬಸಳೆಯ ಕಟ್ಟು ತರುತ್ತಾರೆ. ಕಳೆದ ಸಲ ನಾವು ಪೈಪೋಟಿಯಿಂದ ಅದರ ಬೆಲೆ ಏರಿಸಿದೆವು. ಅವರು ನಕ್ಕು ಮನೆಗೆ ಹೋದರು. ಕ್ಷಮೆಯನ್ನು ನಾವು ಇನ್ನೂ ಕೇಳಿಲ್ಲ.