ಸಂಬಂಧ

ಆಸ್ಪತ್ರೆಯ ಒಪ್ಪಿಗೆ ಪತ್ರದಲ್ಲಿ ರೋಗಿಯ ಹೆಸರು, ವಯಸ್ಸು, ಊರು ಇವುಗಳ ಕೆಳಗೆ ‘ಸಂಬಂಧ’ ಎಂಬುದೊಂದು ಅಂಕಣವಿರುತ್ತದೆ. ನಾವೆಲ್ಲರೂ ಒಂದಲ್ಲ ಒಂದು ದಿನ ಅದನ್ನು ತುಂಬಿದವರೇ. ತಂದೆ, ಮಗ, ಪತ್ನಿ ಎಂದು ಬರೆದು ಸಹಿ ಮಾಡಿ ಮುಂದೆ ಸಾಗಿದವರು. ಆ ಒಂದಂಗುಲದ ಜಾಗದಲ್ಲಿ ಏನನ್ನು ಬರೆಯಬೇಕೆಂದು ತೋಚದೆ ಒಬ್ಬ ಮನುಷ್ಯನು ಲೇಖನಿ ಹಿಡಿದು ನಿಂತುದನ್ನು ನಾನು ಕಂಡದ್ದು 2022ರ ಮಳೆಗಾಲದಲ್ಲಿ, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ.

ರೋಗಿಯು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಇಲ್ಲಿ ಬೇಡ. ಉಪ್ಪಳದಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿ, ಬೆಂಗಳೂರಿನಲ್ಲಿ ಉದ್ಯೋಗ ಹಿಡಿದವನು. ತಾಯಿಯನ್ನು ನೋಡಲೆಂದು ಊರಿಗೆ ಬಂದಿದ್ದಾಗ ಹೆದ್ದಾರಿಯಲ್ಲಿ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿನಿಂದ ಧಾವಿಸಿ ಬಂದವನು ಅವನೊಡನೆ ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಬಾಳಿದ ಗೆಳೆಯ. ರೋಗಿಗೆ ಯಾವ ಔಷಧಿ ಒಗ್ಗದೆಂಬುದನ್ನು ಅಲ್ಲಿ ಬಲ್ಲವನು ಅವನೊಬ್ಬನೇ. ಆತನು ಕಡೆಗೆ ‘ಸ್ನೇಹಿತ’ ಎಂದು ಬರೆದನು. ಗುಮಾಸ್ತರು ನೋಡಿ, ಸ್ನೇಹಿತರ ಸಹಿ ನಡೆಯದು, ಸಂಬಂಧಿಕರು ಬೇಕು ಎಂದರು. ತಾಯಿಗೆ ಕೈ ನಡುಗಿ ಅಕ್ಷರ ಮೂಡಲಿಲ್ಲ. ಕೊನೆಗೆ ಕುಂಬಳೆಯಿಂದ ಸೋದರಮಾವನನ್ನು ಕರೆಸಿದ್ದಾಯಿತು. ಹತ್ತು ವರ್ಷಗಳಿಂದ ಅಳಿಯನೊಡನೆ ಮಾತು ಬಿಟ್ಟಿದ್ದ ಮಾವನಿಗೆ ಸಂಬಂಧವಿತ್ತು. ಹನ್ನೊಂದು ವರ್ಷ ಒಂದೇ ಪಾತ್ರೆಯ ಅನ್ನ ಉಂಡವನಿಗೆ ಇರಲಿಲ್ಲ.

ಅಂದು ನಾನು ಗುಮಾಸ್ತರ ಮೇಲೆ ಸಿಡುಕಬಹುದಾಗಿತ್ತು. ಆದರೆ ನನ್ನ ಕೈಯೂ ಶುದ್ಧವಾಗಿರಲಿಲ್ಲ. 2009ರ ಜುಲೈಯಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಸಮಲಿಂಗ ಪ್ರೇಮವು ಅಪರಾಧವಲ್ಲವೆಂದು ತೀರ್ಪಿತ್ತ ಕೆಲವು ದಿನಗಳಲ್ಲಿ ಈ ಹುಡುಗನು ನನ್ನ ಮನೆಯ ಜಗಲಿಗೆ ಬಂದು, ಬಹಳ ಹೊತ್ತು ತಲೆ ತಗ್ಗಿಸಿ ಕುಳಿತು, “ಮಾಷ್ಟ್ರೇ, ನಾನೂ ಅಂಥವನೇ” ಎಂದಿದ್ದನು. ನಾನು ಏನೆಂದೆ? “ಒಂದು ಮದುವೆಯಾದರೆ ಎಲ್ಲವೂ ಸರಿಹೋದೀತು” ಎಂದೆನು. ಅವನು ಆ ಉಪದೇಶವನ್ನು ಕೇಳಲಿಲ್ಲವೆಂಬುದೇ ನನ್ನ ಪುಣ್ಯ. ಕೇಳಿದ್ದರೆ ಒಬ್ಬನ ಬದಲು ಇಬ್ಬರ ಬಾಳು, ಏನೂ ಅರಿಯದ ಒಂದು ಹೆಣ್ಣಿನ ಬಾಳೂ ಸೇರಿ, ಹಾಳಾಗುತ್ತಿತ್ತು.

ಈ ವಿಷಯವು ನಮ್ಮ ಸಂಘದ ಜಗಲಿಗೂ ಬಂತು. 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಸಮಲಿಂಗ ವಿವಾಹದ ಕುರಿತು ತೀರ್ಪಿತ್ತ ಸಂಜೆ ಅದು. ವಿವಾಹವಾಗುವುದು ಸಂವಿಧಾನದತ್ತವಾದ ಮೂಲಭೂತ ಹಕ್ಕಲ್ಲವೆಂಬುದರಲ್ಲಿ ಐವರೂ ಒಮ್ಮತದಲ್ಲಿದ್ದರು. ವಿವಾಹವಲ್ಲದಿದ್ದರೂ ಅಂಥ ಸಹಬಾಳ್ವೆಗೆ ಕಾನೂನಿನ ಮನ್ನಣೆ ಬೇಕೆಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರೂ ನ್ಯಾಯಮೂರ್ತಿ ಕೌಲರೂ ಹೇಳಿದರು. ಉಳಿದ ಮೂವರು ಅದು ಶಾಸನಸಭೆಯ ಕೆಲಸವೆಂದರು. 2018ರಲ್ಲಿ 377ನೆಯ ಕಲಮಿನ ಶತಮಾನದ ಕಳಂಕವನ್ನು ತೊಡೆದ ನ್ಯಾಯಾಲಯವೇ ಇಲ್ಲಿ ಹೊಸ್ತಿಲಲ್ಲಿ ನಿಂತಿತು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾಗೊಂಡುವು.

ನಮ್ಮ ಉಪ್ಪಳವನ್ನು ಬಲ್ಲವರು ಬಲ್ಲರು. ಇಲ್ಲಿ ಪೇಟೆಯ ಒಂದು ಮಗ್ಗುಲಲ್ಲಿ ತುಳು, ಒಂದರಲ್ಲಿ ಉರ್ದು, ಬ್ಯಾರಿ, ಮಲೆಯಾಳ, ಕೊಂಕಣಿ, ನಡುವೆ ನಮ್ಮ ಕನ್ನಡ. ಧ್ವನಿವರ್ಧಕದಿಂದ ಹಿಡಿದು ದಾರಿಯ ಅಗಲದವರೆಗೆ ಯಾವ ವಿಷಯದಲ್ಲೂ ಎಲ್ಲರೂ ಒಪ್ಪಿದ್ದಿಲ್ಲ. ಆ ಸಂಜೆ ಮಾತ್ರ ಭಟ್ಟರು, ಮುಸ್ಲಿಯಾರರು, ಇಗರ್ಜಿಯ ಪಕ್ಕದ ಮನೆಯ ಮಾಸ್ತರರು ಮೂವರೂ ಒಂದೇ ಸ್ವರದಲ್ಲಿ “ಆದದ್ದು ಒಳ್ಳೆಯದಾಯಿತು” ಎಂದರು. ಐಕ್ಯವು ಇಷ್ಟು ಸುಲಭವೇ ಎಂದು ನನಗೆ ನಗು ಬಂತು. ದಿಲ್ಲಿಯಲ್ಲಿ ನಡೆದದ್ದೂ ಅದೇ. ಜಮೀಯತ್ ಉಲಮಾ-ಎ-ಹಿಂದ್ ಮತ್ತು ಅಖಿಲ ಭಾರತೀಯ ಸಂತ ಸಮಿತಿಗಳೆರಡೂ ಅರ್ಜಿಗಳನ್ನು ವಿರೋಧಿಸಿ ಒಂದೇ ಪಕ್ಕದಲ್ಲಿ ನಿಂತಿದ್ದುವು. ಕೇಂದ್ರ ಸರಕಾರವು ಇದನ್ನು ನಗರದ ಮೇಲ್ವರ್ಗದವರ ಅಭಿಪ್ರಾಯವೆಂದಿತು. ನಮ್ಮ ಸೊರಬದ ಕಡೆಯವರೇ ಆದ ದತ್ತಾತ್ರೇಯ ಹೊಸಬಾಳೆಯವರು 2023ರ ಮಾರ್ಚಿಯಲ್ಲಿ, ವಿವಾಹವು ಸಂಸ್ಕಾರ, ಅದು ಗಂಡು ಹೆಣ್ಣುಗಳ ನಡುವೆಯೇ ಸಲ್ಲತಕ್ಕದ್ದು ಎಂದರು. ವಿಶೇಷ ವಿವಾಹ ಕಾಯಿದೆಯನ್ನು ತಿದ್ದಲು 2022ರಲ್ಲಿ ಸುಪ್ರಿಯಾ ಸುಳೆಯವರು ಲೋಕಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯು ಆ ಲೋಕಸಭೆಯೊಡನೆಯೇ ಮುಗಿದುಹೋಯಿತು.

ನನ್ನ ಮೂವರು ಮಿತ್ರರೂ ಸಜ್ಜನರು. ಅವರ ಶ್ರದ್ಧೆಯನ್ನು ಹಗುರಾಗಿ ಕಾಣಲಾರೆನು. ತಮ್ಮ ಗುಡಿಯಲ್ಲಿ, ಮಸೀದಿಯಲ್ಲಿ, ಇಗರ್ಜಿಯಲ್ಲಿ ಯಾವ ವಿವಾಹವನ್ನು ನಡೆಸಬೇಕೆಂಬುದು ಆಯಾ ಮತದವರ ಅಧಿಕಾರ. ಆದರೆ ಅರ್ಜಿದಾರರು ಮಂತ್ರವನ್ನೂ ಕೇಳಲಿಲ್ಲ, ನಿಕಾಹನ್ನೂ ಕೇಳಲಿಲ್ಲ. ಮತಗಳ ಹೊರಗೆ ನಿಂತು, ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾಗುವ 1954ರ ವಿಶೇಷ ವಿವಾಹ ಕಾಯಿದೆಯಡಿ ತಮಗೂ ಒಂದು ಗೆರೆ ಬೇಕೆಂದರು. ಆ ಕಾಯಿದೆಯ ಪೂರ್ವಜನಾದ 1872ರ ಕಾಯಿದೆಯ ಕಥೆ ಕೇಳಿರಿ. ಆಗಲೂ ಮತಧುರೀಣರ ವಿರೋಧ ಬಲವಾಗಿತ್ತು. ಅದರಡಿ ಮದುವೆಯಾಗುವವರು ತಾವು ಹಿಂದುಗಳೂ ಅಲ್ಲ, ಮುಸಲ್ಮಾನರೂ ಅಲ್ಲ, ಕ್ರೈಸ್ತರೂ ಅಲ್ಲವೆಂದು ಬರೆದುಕೊಡಬೇಕಾಯಿತು. ಮತವನ್ನು ಬಿಟ್ಟರೆ ಮಾತ್ರ ಮದುವೆ! ಅದು ಸಡಿಲವಾಗಿ ಸ್ವತಂತ್ರ ಭಾರತದ ಕಾಯಿದೆಯಾಗಲು ಎಂಬತ್ತೆರಡು ವರ್ಷ ಹಿಡಿಯಿತು.

“ವಿವಾಹವು ಅನಾದಿಯಿಂದ ಹೀಗೆಯೇ ಇದೆಯಲ್ಲ, ಮಾಷ್ಟ್ರೇ” ಎಂದರು ಭಟ್ಟರು. ನನಗೆ ನನ್ನ ಅಜ್ಜಿಯ ನೆನಪಾಯಿತು. ನಮ್ಮದು ಅಳಿಯಸಂತಾನದ ಕುಟುಂಬ. ಅಜ್ಜಿಯು ಊರ ಹತ್ತು ಸಮಸ್ತರ ಎದುರಿಗೆ ಧಾರೆಯಾದವರು. ಆದರೂ ಇಂಥ ಕುಟುಂಬಗಳ ಮದುವೆಯನ್ನು ಮದುವೆಯೆಂದು ಒಪ್ಪಲು ಮದರಾಸಿನ ನ್ಯಾಯಾಲಯಗಳು ಹಿಂದೆ ಹಿಂಜರಿದಿದ್ದುವು. ದಕ್ಷಿಣದ ಮಲಬಾರಿನಲ್ಲಿ ಅದಕ್ಕೆ ‘ಸಂಬಂಧ’ವೆಂದೇ ಹೆಸರು, ಬೇಕಾದವರು ಅದನ್ನು ನೋಂದಾಯಿಸಿ ಮದುವೆಯೆನಿಸಿಕೊಳ್ಳಲಿ ಎಂದು 1896ರಲ್ಲಿ ಕಾಯಿದೆ ಬಂತು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಅಳಿಯಸಂತಾನದವರಿಗೆ 1949ರ ಮದರಾಸು ಕಾಯಿದೆಯವರೆಗೆ ಕಾಯಬೇಕಾಯಿತು. ಅಜ್ಜಿ ಆ ವೇಳೆಗೆ ಮೊಮ್ಮಕ್ಕಳನ್ನು ಕಂಡಿದ್ದರು. ಕಾಯಿದೆ ಬಾರದ ಮುಂಚೆ ಅವರು ಹೆಂಡತಿಯಲ್ಲದೆ ಮತ್ತೇನಾಗಿದ್ದರು?

ಇದೇ ಕಾಸರಗೋಡಿನ ಕುದ್ಮುಲ್‌ನಲ್ಲಿ 1859ರಲ್ಲಿ ಹುಟ್ಟಿದ ರಂಗರಾಯರನ್ನು ನಮ್ಮ ಮಕ್ಕಳಿಗೆ ಮಹಾತ್ಮರೆಂದು ಕಲಿಸುತ್ತೇವೆ. ದಲಿತ ಮಕ್ಕಳಿಗೆ ಶಾಲೆ ತೆರೆದ ಕಾರಣಕ್ಕೆ ಅವರಿಗೆ ಬಹಿಷ್ಕಾರ ಬಂತು. ಅವರ ಮಗಳು ರಾಧಾಬಾಯಿಯವರು ಜಾತಿಯನ್ನು ಮೀರಿ ಸುಬ್ಬರಾಯನ್ ಅವರ ಕೈ ಹಿಡಿದರು. ವಿಧವಾ ವಿವಾಹವನ್ನು ಕಥೆಯಾಗಿಸಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅಂದು ಧರ್ಮಹಾನಿ ಎನಿಸಿದ್ದು ಇಂದು ಪಾಠ. ಬೇರೆ ಜಾತಿಯ ಮದುವೆಯೂ ಈ ಮದುವೆಯೂ ಒಂದೇ ಅಲ್ಲವೆಂದು ಮಾಸ್ತರರು ಆಕ್ಷೇಪಿಸಿದರು, ಒಪ್ಪಿದೆನು. ಆದರೆ ‘ಧರ್ಮ ಕೆಡುತ್ತದೆ’ ಎಂಬ ಭಯ ಮಾತ್ರ ಎಲ್ಲ ಸಲವೂ ಒಂದೇ.

ಇದು ಪರದೇಶದ ರೋಗ ಎಂಬ ಮಾತಿಗೂ ಉತ್ತರವಿದೆ. ಬೆಂಗಳೂರಿನಲ್ಲಿ ಹುಟ್ಟಿದ ಗಣಿತಜ್ಞೆ ಶಕುಂತಲಾದೇವಿಯವರು ಸಮಲಿಂಗಿಗಳ ಕುರಿತು 1977ರಲ್ಲೇ ಒಂದು ಗ್ರಂಥ ಬರೆದರು. ಅದರಲ್ಲಿ ಶ್ರೀರಂಗದ ವೈಷ್ಣವ ದೇಗುಲದ ಅರ್ಚಕರೊಬ್ಬರು, ದೇಹದ ಲಿಂಗ ಬದಲಾದರೂ ಆತ್ಮವು ಹಿಂದಿನ ಜನ್ಮದ ಒಲುಮೆಯನ್ನು ಉಳಿಸಿಕೊಂಡಿರುತ್ತದೆಂಬ ಅರ್ಥದ ಮಾತನ್ನಾಡಿದ್ದಾರೆ. ಶ್ರದ್ಧೆಗೆ ಒಂದೇ ನಾಲಿಗೆಯಿಲ್ಲ. ನಮ್ಮ ಕನ್ನಡದಲ್ಲಿಯೂ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಿದೆ.

ಗಡಿನಾಡಿನ ಕನ್ನಡಿಗನಾಗಿ ನನಗೆ ಇನ್ನೊಂದು ಮಾತು ತೋರುತ್ತದೆ. ‘ಶಾಸನಸಭೆ ನೋಡಿಕೊಳ್ಳಲಿ’ ಎಂಬ ಮಾತಿನ ಭಾರವನ್ನು ನಮ್ಮಷ್ಟು ಬಲ್ಲವರು ಯಾರು? ಚಂದ್ರಗಿರಿಯ ಉತ್ತರದ ನೆಲವು ಮೈಸೂರಿಗೆ ಸೇರಲೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿತು; ಇಂದಿಗೂ ನಾವು ಕಾಯುತ್ತಿದ್ದೇವೆ. ತಲೆ ಎಣಿಸಿದರೆ ನಾವು ಸೋಲುತ್ತೇವೆಂದು ಬಲ್ಲೆವಾದುದರಿಂದಲೇ ನಮ್ಮ ಶಾಲೆಗಾಗಿ, ನಮ್ಮ ನುಡಿಗಾಗಿ ಸಂವಿಧಾನದ ಬಾಗಿಲು ತಟ್ಟುತ್ತೇವೆ. ಅದೇ ಬಾಗಿಲಿಗೆ ಬಂದ ಇನ್ನೊಂದು ಅಲ್ಪಸಂಖ್ಯೆಯನ್ನು ಕಂಡು ‘ಬಹುಮತದ ಒಪ್ಪಿಗೆ ತನ್ನಿ’ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನ ವಿದ್ಯಾರ್ಥಿ ಬದುಕಿ ಉಳಿದನು. ಕಳೆದ ದೀಪಾವಳಿಗೆ ಇಬ್ಬರೂ ಉಪ್ಪಳಕ್ಕೆ ಬಂದಿದ್ದರು. ನಾನು ಹೋದಾಗ ತಾಯಿಯು ಇಬ್ಬರಿಗೂ ಅಕ್ಕಪಕ್ಕದಲ್ಲಿ ಬಾಳೆಲೆ ಹಾಕಿ ಬಡಿಸುತ್ತಿದ್ದರು. ನೆರೆಯವರು ಕೇಳಿದರೆ ಏನು ಹೇಳುತ್ತೀರಿ ಎಂದು ಮೆಲ್ಲಗೆ ವಿಚಾರಿಸಿದೆನು. “ಏನು ಹೇಳುವುದು ಮಾಷ್ಟ್ರೇ, ನಮ್ಮ ಮನೆಯವನು ಅಂತೇನೆ” ಎಂದು ಅವರು ಸಾರು ಬಡಿಸಲು ಬಾಗಿದರು.

2024ರಲ್ಲಿ ಕೇಂದ್ರ ಸರಕಾರವು ಇಂಥ ಜೊತೆಗಾರರನ್ನು ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಎಣಿಸುವಂತೆ ರಾಜ್ಯಗಳಿಗೆ ಸೂಚಿಸಿದೆ. ಜಂಟಿ ಬ್ಯಾಂಕು ಖಾತೆಗೂ ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿದೆ. ಅಷ್ಟು ಆಗಿದೆ. ಮದುವೆಯ ಮನ್ನಣೆ ಇನ್ನೂ ದೂರವಿದೆ. ಜಗಲಿಯಲ್ಲಿ ತಲೆ ತಗ್ಗಿಸಿ ಕುಳಿತ ಹುಡುಗನಿಗೆ ನಾನು ಅಂದು ಕೊಟ್ಟ ಉತ್ತರವನ್ನು ತಿದ್ದಲು ನನಗೆ ಹದಿಮೂರು ವರ್ಷ ಹಿಡಿಯಿತು. ಅಧ್ಯಾಪಕ ಮಿತ್ರರೇ, ನಿಮ್ಮ ತರಗತಿಯಲ್ಲೂ ಅಂಥವನೊಬ್ಬನು ಇದ್ದಾನು. ಅವನು ಬಾಯಿ ತೆರೆದ ದಿನ ನೀವು ನನಗಿಂತ ಮೇಲಾದ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಿರಿ.