ಮಾರುವೇಷದ ಜಲಜನಕ

ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ನಂದಿಯ ಬೆನ್ನಿಗೆ ನಿಂತ ಸೂರ್ಯನನ್ನು ನೋಡುತ್ತ ಬೆಳೆದವನು ನಾನು, ಮಾದಿಹಳ್ಳಿಯವನು. ಅರಸೀಕೆರೆಯಲ್ಲಿ ರೈಲು ಹತ್ತಿ ಗುಜರಾತಿಗೆ ಹೊರಟಿದ್ದೂ ಸೂರ್ಯನಂಥದೇ ಒಂದು ಬೆಂಕಿಯ ಆಸೆಗೆ. ಗಾಂಧಿನಗರದ ಬಳಿ, ಸಾಬರಮತಿ ದಂಡೆಯ ಭಾಟ್ ಎಂಬ ಹಳ್ಳಿಯಲ್ಲಿ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಿದೆ. 1989ರಲ್ಲಿ ಇಲ್ಲಿ ಮೊದಲು ಬೆಳಗಿದ ಟೋಕಮಾಕ್, ಅಂದರೆ ಅಂಥ ಬೆಂಕಿಯನ್ನು ಕಾಂತದಿಂದ ಹಿಡಿದಿಡುವ ಯಂತ್ರದ ಹೆಸರೇ 'ಆದಿತ್ಯ'.

ಜಲಜನಕದ ನ್ಯೂಕ್ಲಿಯಸ್‌ಗಳು ಬೆಸೆದು ಹೀಲಿಯಂ ಆಗುವ ಸಮ್ಮಿಳನದ ಈ ಬೆಂಕಿಯನ್ನು ಯಾವ ಪಾತ್ರೆಯೂ ಹಿಡಿಯಲಾರದು. ಕಾಂತಕ್ಷೇತ್ರವೇ ಅದಕ್ಕೆ ಗೋಡೆ. ಫ್ರಾನ್ಸಿನಲ್ಲಿ ಏಳುತ್ತಿರುವ ಈಟರ್ ಎಂಬ ಟೋಕಮಾಕ್‌ನಲ್ಲಿ ಪ್ಲಾಸ್ಮಾ, ಅಂದರೆ ವಿದ್ಯುದಂಶ ಹೊತ್ತ ಕಣಗಳ ಬಿಸಿ ಅನಿಲ, 15 ಕೋಟಿ ಡಿಗ್ರಿ ಮುಟ್ಟಬೇಕು. ಸೂರ್ಯನ ಗರ್ಭದ ಹತ್ತು ಪಟ್ಟು! ಅಷ್ಟು ಕಾಯಿಸುವುದು ಹೇಗೆ? ವಿದ್ಯುದಂಶವಿರುವ ಕಣವನ್ನು ಹೊರಗಿನಿಂದ ಎಸೆದರೆ ಕಾಂತಗೋಡೆ ಅದನ್ನು ಬಾಗಿಸಿ ಆಚೆ ತಳ್ಳುತ್ತದೆ. ವಿದ್ಯುದಂಶವಿಲ್ಲದ ಕಣಕ್ಕೆ ವೋಲ್ಟೇಜಿನಿಂದ ವೇಗ ಕೊಡಲಾಗದು.

ಉಪಾಯ ಕೇಳಿ ಬೆರಗಾದೆ. ಜಲಜನಕದ ಪರಮಾಣುವಿಗೆ ಒಂದು ಹೆಚ್ಚಿನ ಎಲೆಕ್ಟ್ರಾನ್ ಅಂಟಿಸಿ, ವೋಲ್ಟೇಜಿನಿಂದ ಓಡಿಸುತ್ತಾರೆ. ದಾರಿಯಲ್ಲಿ ತೆಳುವಾದ ಅನಿಲಕ್ಕೆ ಉಜ್ಜಿ ಆ ಎಲೆಕ್ಟ್ರಾನ್ ಉದುರಿಹೋಗುತ್ತದೆ. ಓಟ ಮಾತ್ರ ಉಳಿಯುತ್ತದೆ. ಹೀಗೆ ಮಾರುವೇಷದಲ್ಲಿ ಕಾಂತಕೋಟೆ ಹೊಕ್ಕ ಪರಮಾಣು, ಒಳಗೆ ಡಿಕ್ಕಿಯಾಗಿ ಮತ್ತೆ ವಿದ್ಯುದಂಶ ಪಡೆದು ಅಲ್ಲೇ ಸೆರೆಯಾಗುತ್ತದೆ. ತಂದ ವೇಗವನ್ನೆಲ್ಲ ಸುತ್ತಲಿನ ಕಣಗಳಿಗೆ ಹಂಚುತ್ತದೆ. ಇದೇ ನ್ಯೂಟ್ರಲ್ ಬೀಮ್. ಈಟರ್‌ನ ಕಾಯಿಸುವ ಬೀಮ್‌ಗಳಿಗೆ ಬೇಕಾದದ್ದು 10 ಲಕ್ಷ ವೋಲ್ಟ್.

ಈಟರ್‌ನಲ್ಲಿ ಭಾರತದ ಪಾಲಿಗೆ ಬಂದಿರುವ ಬೀಮ್ ಕಾಯಿಸಲಿಕ್ಕಲ್ಲ, ಒಳಗಿನ ಸಂಗತಿ ನೋಡಿಬರಲಿಕ್ಕೆ. ಅದಕ್ಕೆ 1 ಲಕ್ಷ ವೋಲ್ಟ್, 60 ಆಂಪಿಯರ್ ಅಯಾನು ಪ್ರವಾಹ. ಅದನ್ನು ಪರೀಕ್ಷಿಸಲು 20 ಮೀಟರಿಗೂ ಹೆಚ್ಚು ಉದ್ದದ ಹಾದಿ ಭಾಟ್‌ನಲ್ಲಿದೆ. ಬೀಮಿನ ಪರಮಾಣುಗಳ ವೇಗ ಸೆಕೆಂಡಿಗೆ ಸುಮಾರು 4,400 ಕಿಲೋಮೀಟರ್. ರೈಲಿನಲ್ಲಿ ರಾತ್ರಿ ಹಗಲು ಕೂತು ನಾನು ಸವೆಸಿದ ದಾರಿಗೆ ಅವಕ್ಕೆ ಅರ್ಧ ಸೆಕೆಂಡೂ ಬೇಡ.

ನೋಡಬೇಕಾದ ಸಂಗತಿಯೆಂದರೆ ಹೀಲಿಯಂ, ಸಮ್ಮಿಳನದ ಬೂದಿ. ಅದು ಹೆಚ್ಚಿದರೆ ಇಂಧನ ತೆಳುವಾಗಿ ಬೆಂಕಿ ಸೊರಗುತ್ತದೆ. ಬೀಮಿನ ಪರಮಾಣುವಿನಿಂದ ಎಲೆಕ್ಟ್ರಾನ್ ಕಸಿದುಕೊಂಡ ಹೀಲಿಯಂ ನ್ಯೂಕ್ಲಿಯಸ್ ನೀಲಿಯಾಗಿ ಮಿನುಗುತ್ತದೆ. ಆ ಬೆಳಕನ್ನು ಅಳೆದರೆ ಬೂದಿಯ ಲೆಕ್ಕ ಸಿಗುತ್ತದೆ.

ಇದನ್ನು ಕೇಳುವಾಗ ನಮ್ಮ ಜಮಖಂಡಿ ನೆನಪಾಯಿತು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣದಂದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿ ರೋಹಿತದರ್ಶಕ ಹಿಡಿದು ನಿಂತಿದ್ದರು. ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಅವರು ಕಂಡ ಕಿತ್ತಳೆ ಗೆರೆ, ಸೋಡಿಯಂ ಗೆರೆಯ ಜಾಗದಲ್ಲೇ ಇದ್ದಂತೆ ತೋರಿತ್ತು. ಅದು ಭೂಮಿಯ ಮೇಲೆ ಯಾರೂ ಅರಿಯದ ಹೊಸ ಧಾತುವಿನದೆಂದು ಆಮೇಲೆ ತಿಳಿಯಿತು. ಆ ಧಾತುವೇ ಹೀಲಿಯಂ. ಅಂದು ಅದನ್ನು ಕಾಣಲು ಚಂದ್ರ ಅಡ್ಡಬರುವ ಕೆಲವೇ ನಿಮಿಷಗಳಿಗೆ ಕಾಯಬೇಕಿತ್ತು. ಈಟರ್ ಉರಿಯತೊಡಗಿದ ಮೇಲೆ ಅದೇ ಹೀಲಿಯಂ ಅನ್ನು ಬೆಂಕಿಯ ನಡುಮಧ್ಯದಲ್ಲೇ ಬೇಕೆಂದಾಗ ಮಾತಾಡಿಸುವ ಹೊಣೆ ಈ ಬೀಮಿನದು.