ಹಳೆಯ ಕಾರು ಮತ್ತು ರಿಪೇರಿಯ ಲೆಕ್ಕ

ಹಳೆಯ ಕಾರು ಇರುವ ಮನೆಯಲ್ಲಿ ವರ್ಷಕ್ಕೆ ಒಂದೆರಡು ಬಾರಿಯಾದರೂ ಈ ಪ್ರಶ್ನೆ ಏಳುತ್ತದೆ: ಇದಕ್ಕೆ ಇನ್ನೂ ಹಣ ಹಾಕುವುದೋ, ಮಾರಿಬಿಡುವುದೋ? ಗ್ಯಾರೇಜಿನ ಚೀಟಿ ನೋಡಿ ಕೆಲವರು ಗಾಬರಿಯಾಗುತ್ತಾರೆ. ಕೆಲವರು ನೋಡದೆಯೇ ಹಣ ಕೊಟ್ಟು ಬರುತ್ತಾರೆ. ನಾನು ಇಂಜಿನಿಯರನಲ್ಲ, ಎಸ್.ಎಸ್.ಎಲ್.ಸಿ. ಮುಗಿಸಿ ಮೊಗ್ರಾಲಿನಲ್ಲಿ ಜೀನಸು ಅಂಗಡಿಗೆ ಕುಳಿತವನು. ಆದರೆ ನಲವತ್ತು ವರ್ಷ ಜಮಾ-ಖರ್ಚು ಬರೆದವನಿಗೆ ಇದೂ ಒಂದು ಲೆಕ್ಕದ ಪ್ರಶ್ನೆಯಾಗಿಯೇ ಕಾಣುತ್ತದೆ.

ನಮ್ಮ ಮನೆಯ ಸಣ್ಣ ಪೆಟ್ರೋಲ್ ಕಾರು 2010ರದ್ದು. ಓಡಿದ್ದು 1,84,000 ಕಿಲೋಮೀಟರ್. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿ. ಆಮೇಲೆ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲಿನಿಂದ 5,000 ರೂಪಾಯಿ ಆಯಿತು. 2025ರಲ್ಲಿ ನಮ್ಮ ಕಾರಿನ ಸರದಿ ಬಂದಾಗ ಗ್ಯಾರೇಜಿನ ಮೇಸ್ತ್ರಿ ಗಾಡಿಯನ್ನೆಲ್ಲ ನೋಡಿ 28,000 ರೂಪಾಯಿಯ ಪಟ್ಟಿ ಕೊಟ್ಟರು.

ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲೇ ತೀರ್ಪು ಕೊಟ್ಟ: “ಅಪ್ಪಾ, ಆ ಕಾರಿಗೆ ಈಗ ತೊಂಬತ್ತು ಸಾವಿರ ಸಿಕ್ಕಿದರೆ ಹೆಚ್ಚು. ಅದಕ್ಕೆ ಇಪ್ಪತ್ತೆಂಟು ಸಾವಿರ ಹಾಕುತ್ತೀರಾ? ಕೊಟ್ಟುಬಿಡಿ. ಹೊಸತು ತೆಗೆಯುವ, ಕಂತು ನಾನು ಕಟ್ಟುತ್ತೇನೆ.” ಮಾತಿನಲ್ಲಿ ಪ್ರೀತಿ ಇತ್ತು. ಆದರೆ ಅವನ ತಲೆಯ ಮೇಲೆ ಮನೆಯ ಸಾಲ ಆಗಲೇ ಇದೆ. ಇತ್ತ ಮನೆಯಾಕೆಯ ಕಣ್ಣಿನ ಚಿಕಿತ್ಸೆಗೆ ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಲೇಬೇಕು. ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಮದ್ದು ಹಾಕಿಸಿಕೊಂಡ ಕಣ್ಣಿನಲ್ಲಿ ಬಸ್ಸಿನ ನೂಕುನುಗ್ಗಲು ಅವಳಿಗೆ ಆಗದು. ಹಾಗೆಂದು ನಡುದಾರಿಯಲ್ಲಿ ಕೈಕೊಡುವ ಕಾರೂ ಆಗದು. ಆದ್ದರಿಂದ ತೀರ್ಮಾನ ಜಾಗ್ರತೆಯಿಂದ ಆಗಬೇಕಿತ್ತು.

ರಿಪೇರಿಯ ಖರ್ಚನ್ನು ಕಾರು ಮಾರಿದರೆ ಸಿಗುವ ಬೆಲೆಯೊಂದಿಗೆ ಹೋಲಿಸುವುದು ರೂಢಿ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅಂಗಡಿಯ ತಕ್ಕಡಿಯನ್ನು ರಿಪೇರಿಗೆ ಕೊಡುವಾಗ ಅದು ಗುಜರಿಗೆ ಎಷ್ಟಕ್ಕೆ ಹೋದೀತು ಎಂದು ಯಾರಾದರೂ ಕೇಳುತ್ತಾರೆಯೇ? ಇನ್ನೆಷ್ಟು ವರ್ಷ ಸರಿಯಾಗಿ ತೂಗೀತು ಎಂದು ಕೇಳುತ್ತಾರೆ. ಕಾರಿಗೂ ಅದೇ ನ್ಯಾಯ.

ಮೇಸ್ತ್ರಿಯ ಪಟ್ಟಿ ಹೀಗಿತ್ತು: ಕ್ಲಚ್ 7,200, ಮುಂದಿನ ಶಾಕ್ ಅಬ್ಸಾರ್ಬರ್ ಮತ್ತು ಬುಶ್ಶುಗಳು 9,400, ಟೈಮಿಂಗ್ ಬೆಲ್ಟ್ 3,300, ಬ್ರೇಕಿನ ಪ್ಯಾಡು, ಶೂ 3,100, ತಳದ ತುಕ್ಕು ಕೆರೆದು ವೆಲ್ಡಿಂಗ್ ಮಾಡಿ ಬಣ್ಣ ಹಚ್ಚಲು 5,000. ಇದರಲ್ಲಿ ಮೊದಲ ನಾಲ್ಕು ಸವೆಯುವ ವಸ್ತುಗಳು. ಚಪ್ಪಲಿಯ ಅಟ್ಟೆ ಸವೆದ ಹಾಗೆ, ಓಡಿದ ಗಾಡಿಯಲ್ಲಿ ಇವು ಸವೆಯಲೇಬೇಕು, ಅದು ರೋಗವಲ್ಲ. ಟೈಮಿಂಗ್ ಬೆಲ್ಟನ್ನು ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರಿನೊಳಗೆ ಬದಲಿಸಲು ಕಂಪೆನಿಯ ಪುಸ್ತಕದಲ್ಲೇ ಬರೆದಿರುತ್ತದೆ. ಓಡುವಾಗ ಅದು ತುಂಡಾದರೆ ಅನೇಕ ಇಂಜಿನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಖರ್ಚು ಹತ್ತು ಪಾಲಾಗಬಹುದು. ಬೆಲ್ಟಿನ ಬದಲು ಚೈನ್ ಇರುವ ಇಂಜಿನಿಗೆ ಈ ಖರ್ಚಿಲ್ಲ. ನಮ್ಮದು ಯಾವುದೆಂದು ಪುಸ್ತಕ ನೋಡಿ ತಿಳಿದಿರಬೇಕು.

ಶಾಕ್ ಅಬ್ಸಾರ್ಬರಿನ ವಿಷಯದಲ್ಲಿ ಊರಿನ ಕಾರಣವೂ ಇದೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿಯನ್ನು ಆರು ಪಥ ಮಾಡುವ ಕೆಲಸ 2021ರಲ್ಲಿ ಸುರುವಾದ ಮೇಲೆ ಕೆಲವು ವರ್ಷ ನಾವೆಲ್ಲ ಹೊಂಡಗಳಲ್ಲೇ ಓಡಾಡಿದವರು. ಅದೇ ವಯಸ್ಸಿನ ಬೆಂಗಳೂರಿನ ಕಾರಿನೊಂದಿಗೆ ಹೋಲಿಸಿ “ನಿಮ್ಮ ಖರ್ಚು ಜಾಸ್ತಿಯಾಯಿತು” ಎಂದರೆ ಸರಿಯಾಗದು.

ಐದನೆಯದಾದ ತುಕ್ಕು ಮಾತ್ರ ಬೇರೆ ಜಾತಿಯದು. ಸವೆದದ್ದನ್ನು ಬದಲಿಸಬಹುದು, ತುಕ್ಕು ಹಿಡಿದ ಚಾಸಿಯನ್ನು ಬದಲಿಸುವುದು ಸುಲಭವಲ್ಲ. ಮೊಗ್ರಾಲಿಗೆ ಪಡುವಣ ದಿಕ್ಕಿನಲ್ಲಿ ಸಮುದ್ರ, ಪಕ್ಕದಲ್ಲೇ ಹೊಳೆ. ಉಪ್ಪಿನ ಗಾಳಿ ವರ್ಷವಿಡೀ ಇದೆ. ಮಳೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್. ಇಲ್ಲಿ ಕಾರಿನ ಆಯುಷ್ಯವನ್ನು ಮೀಟರಿಗಿಂತ ಹೆಚ್ಚಾಗಿ ತಳ ಹೇಳುತ್ತದೆ. ಆದ್ದರಿಂದ ಗಾಡಿಯನ್ನು ಎತ್ತಿಸಿ ನಾನೇ ಬಗ್ಗಿ ನೋಡಿದೆ. ತುಕ್ಕು ನೆಲದ ತಗಡಿನಲ್ಲಿತ್ತು. ಭಾರ ಹೊರುವ ಕಡೆ ಗಟ್ಟಿಯಾಗಿತ್ತು. ಇಂಜಿನ್ ಎಣ್ಣೆ ಕುಡಿಯುತ್ತಿರಲಿಲ್ಲ, ನೀಲಿ ಹೊಗೆ ಇರಲಿಲ್ಲ.

ಇನ್ನು ಲೆಕ್ಕ. ಪೆಟ್ರೋಲು, ವಿಮೆ ಬಿಟ್ಟು ಪ್ರತಿ ರಿಪೇರಿಯನ್ನೂ ನಾನು ಒಂದು ಪುಸ್ತಕದಲ್ಲಿ ಬರೆಯುತ್ತೇನೆ. 2020ರಿಂದ 2024ರವರೆಗೆ ಐದು ವರ್ಷಕ್ಕೆ ಆದದ್ದು 69,000 ರೂಪಾಯಿ. ಓಡಿದ್ದು 45,000 ಕಿಲೋಮೀಟರ್. ಎಂದರೆ ಕಿಲೋಮೀಟರಿಗೆ ಒಂದೂವರೆ ರೂಪಾಯಿ. ಈಗಿನ 28,000ದ ಕೆಲಸ ನಾಲ್ಕು ವರ್ಷ ಬಂದರೂ ಕಿಲೋಮೀಟರಿಗೆ ಎಂಬತ್ತು ಪೈಸೆಯೊಳಗೆ ಬೀಳುತ್ತದೆ. ಉಳಿದ ಸಣ್ಣಪುಟ್ಟ ಖರ್ಚು ಸೇರಿದರೂ ಹಳೆಯ ಸರಾಸರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅತ್ತ ಹೊಸ ಕಾರಿಗೆ ಐದು ಲಕ್ಷ ಸಾಲ ತೆಗೆದರೆ, ನೂರಕ್ಕೆ ಒಂಬತ್ತರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 10,400 ರೂಪಾಯಿ. ಮೂರೇ ಕಂತಿನಲ್ಲಿ ನಮ್ಮ ರಿಪೇರಿಯ ಹಣ ದಾಟಿತು! ಈ ಕಾಗದವನ್ನು ಮಗನಿಗೆ ಕಳುಹಿಸಿದೆ. ರಾತ್ರಿ ಫೋನು ಬಂತು: “ಲೆಕ್ಕ ಸರಿ ಅಪ್ಪಾ. ಆದರೆ ಅಮ್ಮನನ್ನು ಕೂರಿಸಿಕೊಂಡು ಹೋಗುವ ಗಾಡಿ, ಬ್ರೇಕಿನಲ್ಲಿ ಉಳಿಸಬೇಡಿ.”

ಅದು ಅವನು ಹೇಳಬೇಕಾದ ಮಾತೇ. ಬ್ರೇಕು, ಟೈರು, ಸ್ಟಿಯರಿಂಗ್ ಈ ಮೂರರಲ್ಲಿ ಚೌಕಾಸಿ ಸಲ್ಲದು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ; ನಮ್ಮ ಕರಾವಳಿಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಎ.ಸಿ.ಯ ಸದ್ದು, ಬಾಗಿಲಿನ ಗೀರು ಕಾಯಬಹುದು. ಮೇಸ್ತ್ರಿಯೊಂದಿಗೆ ಜಗಳ ಬೇಡ. ಸಾಮಾನು ಮತ್ತು ಕೂಲಿಯನ್ನು ಬೇರೆ ಬೇರೆ ಬರೆದು ಕೊಡಲು, ಬದಲಿಸಿದ ಹಳೆಯ ಸಾಮಾನನ್ನು ತೋರಿಸಲು ಹೇಳಿದರೆ ಸಾಕು. ಪ್ರಾಮಾಣಿಕನಿಗೆ ಅದರಿಂದ ಬೇಸರವಾಗುವುದಿಲ್ಲ.

ಹಾಗೆಂದು ಹಳೆಯದಕ್ಕೆ ಅಂಟಿಕೊಂಡು ಕೂರುವುದೂ ಜಾಣತನವಲ್ಲ. ಭಾರ ಹೊರುವ ಚಾಸಿಗೆ ತುಕ್ಕು ಹಿಡಿದರೆ, ಇಂಜಿನ್ ಬಿಚ್ಚುವ ಕೆಲಸ ಬಂದರೆ, ಒಂದೇ ದೋಷ ವರ್ಷದಲ್ಲಿ ಮೂರು ಸಲ ಮರಳಿದರೆ, ಅಥವಾ ಮನೆಯವರಿಗೆ ಅದರಲ್ಲಿ ಕುಳಿತುಕೊಳ್ಳಲು ಧೈರ್ಯ ಸಾಲದಿದ್ದರೆ ಕಾರನ್ನು ಕೊಟ್ಟುಬಿಡುವುದೆಂದು ನಾನೂ ಮನೆಯಾಕೆಯೂ ಮಾತಾಡಿಕೊಂಡು ಪುಸ್ತಕದಲ್ಲೇ ಬರೆದಿಟ್ಟಿದ್ದೇವೆ. ಕೆಲಸವೆಲ್ಲ ಆದ ಮೇಲೆ ಗಾಡಿ ಪರೀಕ್ಷೆಯಲ್ಲಿ ಪಾಸಾಯಿತು. ಈಗ ತಿಂಗಳಿಗೆ 1,500 ರೂಪಾಯಿ ಕಾರಿನ ಹೆಸರಿನಲ್ಲಿ ಬೇರೆ ತೆಗೆದಿಡುತ್ತೇವೆ. ಮುಂದಿನ ಚೀಟಿ ಬಂದಾಗ ಮನೆಯಲ್ಲಿ ಯಾರೂ ಗಾಬರಿಯಾಗಬೇಕಾದದ್ದಿಲ್ಲ. ರಿಪೇರಿಯ ದಿನವೇ ಅದು ಹಠಾತ್ತಾಗಿ ಬಂದ ಖರ್ಚೆಂದು ತಿಳಿಯುವುದು ಬೇಡ, ಓಡಿದ ದಿನದಿಂದಲೇ ಅದು ಕೊಡಬೇಕಾದ ಬಾಕಿ.